ನಿಂಬೆಹಣ್ಣಿಗೆ ಸೋತ ಲಾರಿ

ಭೀಮಶಾ: ಮತ್ತ ಮುರಕೊಂಡು ಬಂದ್ರೇನ್ರಿ ಕಾಕಾ? ಹದಿನೈದು ದಿನದಾಗ ಇದು ಮೂರನೇ ಸರ್ತಿ.

ಅಣ್ಣಾರಾಯ: ನಾ ಮುರದಿಲ್ಲೋ. ಮುರದಿದ್ದು ನಿಂಬಿಹಣ್ಣು.

ಭೀಮಶಾ: ಲಾರಿ ಹಣ್ಣು ಒಡೀತದ. ಹಣ್ಣು ಲಾರಿ ಒಡದಿದ್ದು ನಿಮ್ಮ ಮನ್ಯಾಗ ಅಷ್ಟೇ ನೋಡಾಕತ್ತೇನಿ.

ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದೆ, ಲೋಹ ಕಡೆಯುವ ಭೀಮಶಾನ ಲೇಥ್ ಅಂಗಡಿಯಲ್ಲಿ ಅಣ್ಣಾರಾಯ ಟವೆಲ್ ಬಿಚ್ಚಿ, ಮೊಳದುದ್ದದ ಆಟಿಕೆ ಲಾರಿಯನ್ನು ಮೇಜಿನ ಮೇಲಿಟ್ಟ. ದಪ್ಪ ರಬ್ಬರ್ ಗಾಲಿಯ, ಕಲ್ಲುಮುಳ್ಳು ಹತ್ತಿಳಿಯುವ ಗಾಡಿ. ರಿಮೋಟ್ ಒತ್ತಿದರೆ ಓಡುತ್ತದೆ. ನಿವೃತ್ತನಾದ ಮಾವನಿಗೆಂದು ಅಳಿಯ ಮಸ್ಕತ್ತಿನಿಂದ ತಂದದ್ದು. ಮೂವತ್ತೊಂದು ವರ್ಷ ಸರ್ಕಾರದ ಬಸ್ಸು ಹೊಡೆದ ಅಣ್ಣಾರಾಯನಿಗೆ ಸ್ವಂತದ್ದು ಅಂತ ಒಂದು ಸೈಕಲ್ಲೂ ಇರಲಿಲ್ಲ. ಇದು ಅವನ ಮೊದಲ ಗಾಡಿ. ತನ್ನೂರು ನೆಲೋಗಿಯ ಓಣಿಯಲ್ಲಿ ಒಮ್ಮೆ ಎಲ್ಲರ ಎದುರು ಓಡಿಸಬೇಕು ಅಂತ ಜೀವ ತುಡಿಯುತ್ತಿತ್ತು. ಆದರೆ ಹೆಂಡತಿ ಸುಂದರಬಾಯಿಯದು ಒಂದೇ ಹಟ: ಪೂಜೆ ಮಾಡಿ ಗಾಲಿಯ ಕೆಳಗೆ ನಿಂಬೆಹಣ್ಣು ಒಡೆಯದೆ ಯಾವ ಗಾಡಿಯೂ ಹೊಸ್ತಿಲು ದಾಟಬಾರದು. ಮೊದಲ ಪೂಜೆಗೆ ಮುಂದಿನ ಗಾಲಿಗಳ ಪ್ಲಾಸ್ಟಿಕ್ ಆಕ್ಸಲ್ ಮುರಿಯಿತು, ಎರಡನೆಯದಕ್ಕೆ ಹಿಂದಿನದು. ಭೀಮಶಾ ಎರಡನ್ನೂ ಉಕ್ಕಿನಲ್ಲಿ ಕಡೆದುಕೊಟ್ಟ. ಈಗ ಮೂರನೆಯದಕ್ಕೆ ಆಕ್ಸಲ್ ಗಟ್ಟಿಯಾಗಿ ನಿಂತು, ಒಳಗಿನ ಗೇರಿನ ಹಲ್ಲು ಉದುರಿದ್ದವು.

ಭೀಮಶಾ: ಹಿತ್ತಾಳಿ ಗೇರ್ ಮಾಡಬೇಕ್ರಿ. ನನ್ನ ಬಲ್ಲಿ ಹಿತ್ತಾಳಿ ಇಲ್ಲ.

ಅಣ್ಣಾರಾಯ: ನಾ ತಂದೀನಿ. ಇಕಿ ಸಂತಿ ಮುಗಿಸಿ ಬರೋದ್ರಾಗ ಮಾಡು.

ಅವನು ಅತ್ತಿತ್ತ ನೋಡಿ ಜೇಬಿನಿಂದ ಯಾಲಕ್ಕಿ ಕುಟ್ಟುವ ಹಿತ್ತಾಳೆಯ ಪುಟ್ಟ ಒನಕೆ ತೆಗೆದುಕೊಟ್ಟ. ಭೀಮಶಾ ಅದರ ತುದಿ ಕತ್ತರಿಸಿ, ಲೇಥಿಗೆ ಕೊಟ್ಟು, ಆಮೇಲೆ ಒಂದೊಂದೇ ಹಲ್ಲನ್ನು ಅರದಿಂದ ತಿಕ್ಕುತ್ತ ಕೂತ. ಮಧ್ಯಾಹ್ನವಾಯಿತು.

ಭೀಮಶಾ: ಎಣಿಸಿ ನೋಡ್ರಿ, ಹದಿನಾರು ಹಲ್ಲು. ನಿಮ್ಮ ಬಾಯಾಗಿನಕಿಂತ ಎರಡು ಹೆಚ್ಚೇ ಅವ.

ಗೇರು ಕೂರಿಸುವುದಕ್ಕೂ ಚೀಲದ ತುಂಬ ನಿಂಬೆಹಣ್ಣು ಹೊತ್ತು ಸುಂದರಬಾಯಿ ಬರುವುದಕ್ಕೂ ಸರಿಹೋಯಿತು.

ಭೀಮಶಾ: ಕಾಕಿ, ಸಣ್ಣ ಗಾಡಿಗೆ ಸಣ್ಣ ಹಣ್ಣು ಇಡ್ರಲಾ. ಒಂದು ಬಾರಿಹಣ್ಣು ಸಾಕು.

ಸುಂದರಬಾಯಿ: ಬಾರಿಹಣ್ಣಿನಾಗ ಕಲ್ಲಿನಂಥ ಬೀಜ ಇರ್ತದೋ ತಮ್ಮಾ. ನಿಂಬಿಗೇ ಹಲ್ಲು ಉದುರ್ಯಾವ, ಬೀಜಕ್ಕ ಎಂಜಿನ್ನೇ ಹೋದೀತು. ಅದು ಬಿಡು, ಮೇಜಿನ ಮ್ಯಾಗ ಇದೇನು?

ಅಣ್ಣಾರಾಯ: ಹಿತ್ತಾಳಿ ತುಂಡು. ಎಲ್ಲಾ ಹಿತ್ತಾಳಿ ಒಂದೇ ನಮೂನಿ ಇರ್ತದ, ನೀ ಈ ಕಡಿ ಬಾ.

ಸುಂದರಬಾಯಿ: ಎಲ್ಲಾ ಹಿತ್ತಾಳಿ ಮ್ಯಾಗ ನಮ್ಮಪ್ಪನ ಹೆಸರು ಕೆತ್ತಿರ್ತದೇನ್ರಿ? ನಿನ್ನೆ ಇಡೀ ದಿನ ಹುಡುಕೀನಿ. ಇಲಿ ಒಯ್ದಿರಬೇಕು ಅಂದ್ರಿ. ಇಲಿ ಚಾಕ್ಕ ಯಾಲಕ್ಕಿ ಹಾಕ್ತದೇನು?

ಅಣ್ಣಾರಾಯ ಲಾರಿಯನ್ನು ನೆಲಕ್ಕಿಟ್ಟು ರಿಮೋಟ್ ಹಿಡಿದ. ಸುಂದರಬಾಯಿ ಗಾಡಿಗೆ ಕುಂಕುಮ ಹಚ್ಚಿ, ಗೊಣಗುತ್ತಲೇ ಗಾಲಿಯ ಮುಂದೆ ಹಣ್ಣಿಟ್ಟಳು. ಲಾರಿ ಗುರ್ ಎಂದು ಹೋಗಿ ಹಣ್ಣು ಏರಿತು, ಇಳಿಯಿತು. ಆಕ್ಸಲ್ ಮುರಿಯಲಿಲ್ಲ, ಹಲ್ಲು ಉದುರಲಿಲ್ಲ.

ಅಣ್ಣಾರಾಯ: ದಾಟಿತು.

ಸುಂದರಬಾಯಿ: ಒಡೀಲಿಲ್ಲ.

ಭೀಮಶಾ: ಇದರ ಕೆಲಸಾನೇ ಹತ್ತಿ ಇಳಿಯೋದು ಕಾಕಿ. ಗೇರ್ ಬರೋಬ್ಬರಿ ಕೂತದ ಅಂತ ಅರ್ಥ.

ಸುಂದರಬಾಯಿ: ಅರ್ಥ ತಗೊಂಡು ಏನ್ ಮಾಡ್ಲಿ? ನನಗ ರಸ ಬೇಕು.

ಅಣ್ಣಾರಾಯ: ತಡಿ, ರಿವರ್ಸಿನಾಗ ಒಡೀತೇನಿ.

ರಿವರ್ಸ್ ಎಂದೊಡನೆ ಮೂವತ್ತೊಂದು ವರ್ಷದ ರೂಢಿ ಬಂತು: ಲಾರಿ ಕಣ್ಣೆದುರಿಗೇ ಇದ್ದರೂ ಅಣ್ಣಾರಾಯ ಕುತ್ತಿಗೆ ತಿರುವಿ ಬೆನ್ನ ಹಿಂದಿನ ಗೋಡೆಯನ್ನು ನೋಡಿದ. ಲಾರಿ ಹಣ್ಣು ಬಿಟ್ಟು ನೇರ ಸುಂದರಬಾಯಿಯ ಸೀರೆಯ ಅಂಚಿಗೆ ನುಗ್ಗಿತು. ಆಕೆ ಹೌಹಾರಿ ಹಾರಿದಳು. ಚಪ್ಪಲಿಯ ಕೆಳಗೆ ಪಚಕ್ ಎಂದಿತು.

ಅಣ್ಣಾರಾಯ: ಒಡೀತು ನೋಡು. ಪೂಜಾ ಆತು.

ಸುಂದರಬಾಯಿ: ಯಾರ ಕಾಲಾಗ ಒಡದದ?

ಅಣ್ಣಾರಾಯ: ನಿನ್ನ ಕಾಲಾಗ.

ಸುಂದರಬಾಯಿ: ಗೇರ್ ಯಾರದು?

ಅಣ್ಣಾರಾಯ: ನಿಮ್ಮಪ್ಪಂದು.

ಸುಂದರಬಾಯಿ: ಹಂಗಾರ ಅದು ಇಲ್ಲಿ ಕೊಡ್ರಿ.

ಅಣ್ಣಾರಾಯ ರಿಮೋಟನ್ನು ಅವಳ ಕೈಗಿಟ್ಟ.

ಅಣ್ಣಾರಾಯ: ಜನ್ಮಕ್ಕೊಂದು ಸ್ವಂತ ಗಾಡಿ ಬೇ. ನಾ ಏನ್ ಮಾಡ್ಲಿ?

ಸುಂದರಬಾಯಿ: ಮೂವತ್ತೊಂದು ವರ್ಷ ನೀವು ಹೊಡದ್ರಿ, ನಾ ಮನ್ಯಾಗ ದಾರಿ ಕಾಯ್ದೀನಿ. ಇನ್ನ ನಾ ಹೊಡೀತೇನಿ. ನೀವು ಹಿಂದ ನಿಂತು ರೈಟ್ ಅನ್ರಿ.

ಅಣ್ಣಾರಾಯ: ರೈಟ್.