ವೈರಾಗ್ಯವಲ್ಲ, ಸಕ್ಕರೆ

ಸಕ್ಕರೆ ಕಾಯಿಲೆ ಒಬ್ಬಂಟಿಯಾಗಿ ಬರುವ ನೆಂಟನಲ್ಲ. ಹಿಂದೆಯೇ ಒಂದಲ್ಲ ಒಂದು ನಗೆಪಾಟಲನ್ನೂ ಕರೆದುಕೊಂಡು ಬರುತ್ತದೆ. ಒಂಟಿಕೊಪ್ಪಲಿನ ನಮ್ಮ ಮನೆಗೆ ಅದು ಕಾಲಿಟ್ಟದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ಅದರ ಹೆಸರು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಅದನ್ನು ವೈರಾಗ್ಯ ಎಂದರು.

ಹೂವಿನ ಲುಂಗಿ

ಆ ವರ್ಷ ನನ್ನ ಮನಸ್ಸಿಗೆ ಏನೋ ಮಂಕು ಕವಿದಿತ್ತು. ಮಂಡಿ ಮೊಹಲ್ಲಾದ ನನ್ನ ಅಂಗಡಿಯಲ್ಲಿ ಗಿರಾಕಿ ಕಡಲೆಬೇಳೆ ಕೇಳಿದರೆ ತೊಗರಿಬೇಳೆ ತೂಗುತ್ತಿದ್ದೆ. ಊಟ ಬೇಡ, ಮಾತು ಬೇಡ. ಲಿಂಗಪೂಜೆಗೆ ಕೂತರೆ ಕಣ್ಣೀರು ತಾನಾಗಿ ಹರಿಯುತ್ತಿತ್ತು.

ಭಜನೆ ಕೂಟದ ಹಿರಿಯರು ಅದನ್ನು ಕಂಡು, "ಸಂಸಾರದ ಆಸೆ ಕಳಚಿತು. ಪುಣ್ಯವಂತರು ನೀವು" ಎಂದು ಕೈಮುಗಿದರು. ಎದುರು ಮನೆಯವರು ಬಂದು, "ನಮ್ಮ ಮಗಳ ಮದುವೆ ಯಾವಾಗ ಆಗುತ್ತೆ, ಹೇಳಿ" ಎಂದು ಕೇಳಿದರು. "ಗೊತ್ತಿಲ್ಲ" ಎಂದೆ. ಅದರಲ್ಲೂ ಒಳಾರ್ಥ ಹುಡುಕಿಕೊಂಡು ಸಂತೋಷವಾಗಿ ಹೋದರು.

ನನ್ನ ಹೆಂಡತಿಗೆ ಮಾತ್ರ ಎದೆ ಒಡೆದಂತಾಗಿತ್ತು. ನಾನು ಎಲ್ಲಿ ಮನೆ ಬಿಟ್ಟು ಮಠ ಸೇರುತ್ತೇನೋ ಎಂದು ಪಂಚೆಗಳನ್ನೆಲ್ಲ ಬಚ್ಚಿಟ್ಟು, ಹೂವಿನ ಲುಂಗಿ ತಂದುಕೊಟ್ಟಳು. ಹೂವಿನ ಲುಂಗಿಯವನನ್ನು ಯಾವ ಮಠವೂ ಸೇರಿಸಿಕೊಳ್ಳುವುದಿಲ್ಲ ಎಂಬುದು ಅವಳ ಧೈರ್ಯ.

ಪೇಡ

ಕೊನೆಗೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

"ರಾತ್ರಿ ಆಗಾಗ ಏಳ್ತಾರಾ?" ಎಂದರು ಡಾಕ್ಟರು.

"ಏಳ್ತಾರೆ. ಧ್ಯಾನಕ್ಕೆ ಅಂತಾರೆ ಭಜನೆಯವರು."

"ಎಲ್ಲಿ ಮಾಡ್ತಾರೆ ಧ್ಯಾನ?"

"ಬಚ್ಚಲಲ್ಲಿ."

ಡಾಕ್ಟರು ನಗು ತಡೆದುಕೊಂಡು ರಕ್ತ ಪರೀಕ್ಷೆ ಮಾಡಿಸಿದರು. "ಸಕ್ಕರೆ ಸಿಕ್ಕಾಪಟ್ಟೆ ಏರಿದೆಯಮ್ಮ. ಅದು ಏರಿದರೆ ತಲೆಗೂ ಮಂಕು. ಜೊತೆಗೆ ಖಿನ್ನತೆಯೂ ಸೇರಿಕೊಂಡಿದೆ. ಒಂದು ಇನ್ನೊಂದನ್ನು ಹೆಚ್ಚು ಮಾಡುತ್ತೆ. ಎರಡಕ್ಕೂ ಔಷಧಿ ಇದೆ."

"ಹಂಗಾದ್ರೆ ಸನ್ಯಾಸ ಅಲ್ವಾ?"

"ಖಂಡಿತ ಅಲ್ಲ."

ದಾರಿಯಲ್ಲೇ ಪೇಡ ಕೊಂಡಳು. ಬೀದಿಯವರೆಲ್ಲ "ಏನು ವಿಶೇಷ?" ಎಂದರೆ, "ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯಂತೆ ಕಣ್ರೀ, ಬಾಯಿ ಸಿಹಿ ಮಾಡ್ಕೊಳ್ಳಿ!" ಎಂದು ಹಂಚಿದಳು.

ಯಾರಮ್ಮ ನೀವು?

ಔಷಧಿಯಿಂದ ಮನಸ್ಸು ತಿಳಿಯಾಯಿತು. ಆದರೆ ನಮ್ಮಲ್ಲಿ ಪೂಜೆ ಮುಗಿಯದೆ ತಿನ್ನುವಂತಿಲ್ಲ. ಮಾತ್ರೆ ನುಂಗಿದ ಕೂಡಲೇ ತಿಂಡಿ ತಿನ್ನಬೇಕೆಂದು ಡಾಕ್ಟರು ಹೇಳಿದ್ದರೂ, ಒಂದು ಬೆಳಿಗ್ಗೆ ನಾನು ಮಾತ್ರೆ ನುಂಗಿ ಪೂಜೆಗೆ ಕೂತುಬಿಟ್ಟೆ. ಮೈ ಬೆವರಿತು, ಕೈ ನಡುಗಿತು. ಮುಂದಿನದು ಹೆಂಡತಿಯ ಬಾಯಲ್ಲಿ ಕೇಳಿದ್ದು.

ಅವಳು ಬಂದು ಭುಜ ಅಲುಗಿಸಿದಳಂತೆ. ನಾನು ಕಣ್ಣು ಪಿಳುಕಿಸಿ, "ಯಾರಮ್ಮ ನೀವು?" ಎಂದೆನಂತೆ.

"ಅಯ್ಯೋ, ನಾನು ಕಣ್ರೀ!"

"ಒಳ್ಳೆಯವರ ಹಾಗೆ ಕಾಣ್ತೀರಿ. ಬೇಗ ಹೊರಡಿ. ನಮ್ಮ ಮನೆಯವಳು ನೋಡಿದರೆ ಇಬ್ಬರಿಗೂ ಮಂಗಳಾರತಿ."

ಅವಳು ಕೂಗಿಕೊಂಡ ಸದ್ದಿಗೆ ಪಕ್ಕದ ಮನೆಯಾಕೆ ಓಡಿ ಬಂದರು. ಸಕ್ಕರೆ ಇಳಿದರೂ ಬುದ್ಧಿ ಕದಡುತ್ತದೆ ಎಂದು ಡಾಕ್ಟರು ಹೇಳಿದ್ದು ಅವಳಿಗೆ ನೆನಪಾಯಿತು. ಸಕ್ಕರೆ ನೀರು ಕದಡಿ ತಂದಳು.

"ಪೂಜೆ ಮುಗಿಯದೆ ನೀರೂ ಮುಟ್ಟಲ್ಲ" ಎಂದೆನಂತೆ.

"ತೀರ್ಥ ಸ್ವಾಮಿ!" ಎಂದಳು. ತಕ್ಷಣ ಭಕ್ತಿಯಿಂದ ಅಂಗೈ ಚಾಚಿದೆನಂತೆ. ಹುಯ್ದಳು, ಕುಡಿದೆ, ಮತ್ತೆ ಹುಯ್ದಳು. ನೆಲದ ಮೇಲೆಲ್ಲ ಚೆಲ್ಲಿತು.

ಸ್ವಲ್ಪ ಹೊತ್ತಿಗೆ ಮೋಡ ಸರಿದಂತಾಯಿತು. ಕಣ್ಣಿಗೆ ಮೊದಲು ಬಿದ್ದದ್ದು ಆ ನೆಲ. "ಏನೇ ಇದು! ದೇವರ ಮನೆಯೆಲ್ಲ ಅಂಟು ಮಾಡಿಟ್ಟಿದ್ದೀಯಲ್ಲ, ಬುದ್ಧಿ ಗಿದ್ಧಿ ಇದೆಯಾ ನಿನಗೆ?" ಎಂದು ಗದರಿದೆ.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪಕ್ಕದ ಮನೆಯಾಕೆಯನ್ನು ತಬ್ಬಿಕೊಂಡಳು.

"ಬಯ್ದ್ರು ಕಣ್ರೀ, ಬಯ್ದ್ರು! ಗುರ್ತು ಹಿಡಿದ್ಬುಟ್ರು!"