ಮೂರು ಊರಲ್ಲಿ ಸಿಕ್ಕ ದನದ ಡಾಕ್ಟ್ರು ಸೀಟು

ಕೆಲವರ ಮನೆಯಲ್ಲಿ ಕಷ್ಟ ಬಂದಾಗ ಮಾತ್ರ ಊಟ ಸೇರುವುದಿಲ್ಲ. ನಮ್ಮ ಮನೆಯಲ್ಲಿ ಒಳ್ಳೆಯದಾದಾಗಲೂ ಸೇರುವುದಿಲ್ಲ. ಇಂಥದ್ದು ನಮ್ಮಲ್ಲಿ ಆಗುತ್ತಲೇ ಇರುತ್ತದೆ. ಈಗ ನಾನು ಶಿರಾ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯೆ. ಹಸು ಒದೆಯಲು ಕಾಲೆತ್ತಿದರೂ ಅಷ್ಟಾಗಿ ಹೆದರುವುದಿಲ್ಲ. ಆದರೆ ಈ ಓದಿಗೆ ಕಾಲೇಜು ಆರಿಸಿದ ಆ ವಾರ ನೆನಪಾದರೆ ಈಗಲೂ ಊಟದ ತಟ್ಟೆ ಪಕ್ಕಕ್ಕೆ ಸರಿಸುತ್ತೇನೆ.

ನಮ್ಮದು ಮಧುಗಿರಿ. ಅಪ್ಪನದು ಹಿಂಡಿ, ಬೂಸಾ ಮಾರುವ ಅಂಗಡಿ. ಪಿಯುಸಿ ಮುಗಿದ ಮೇಲೆ ಎಲ್ಲಾದರೂ ಒಂದು ಸೀಟು ಸಿಕ್ಕರೆ ಸಾಕು ಅಂತ ನಾನು ಕಂಡಕಂಡ ಕಡೆಗೆಲ್ಲ ಅರ್ಜಿ ಹಾಕಿದ್ದೆ. ಮೂರು ಕಡೆ ಸಿಕ್ಕಿತು. ನಮ್ಮ ರಾಜ್ಯದ ಪಟ್ಟಿಯಲ್ಲಿ ಬೀದರ್, ಅಖಿಲ ಭಾರತ ಪಟ್ಟಿಯಲ್ಲಿ ತಿರುಪತಿ, ಬೇರೆಯಾಗಿ ಹಾಕಿದ್ದ ಅರ್ಜಿಗೆ ಪುದುಚೇರಿ. ವಿಚಿತ್ರ ಏನೆಂದರೆ, ನಮ್ಮದೇ ರಾಜ್ಯದ ಬೀದರ್ ಎಲ್ಲಕ್ಕಿಂತ ದೂರ. ಪಕ್ಕದ ರಾಜ್ಯದ ತಿರುಪತಿ ಎಲ್ಲಕ್ಕಿಂತ ಹತ್ತಿರ. ಶುಕ್ರವಾರ ಸಂಜೆಯೊಳಗೆ ಒಂದನ್ನು ಒಪ್ಪಿಕೊಳ್ಳಬೇಕಿತ್ತು. ತಡವಾದರೆ ಸೀಟು ಇನ್ಯಾರಿಗೋ.

ನಾನು ಅಪ್ಪನ ಮುಖ ನೋಡಿದೆ. ಅಪ್ಪ, "ನೋಡಣ" ಅಂದರು. ನಮ್ಮಪ್ಪ ಮದುವೆ ಹೆಣ್ಣು ನೋಡಲು ಹೋದಾಗಲೂ ಅಷ್ಟೇ ಅಂದಿದ್ದರಂತೆ.

ಅಂಗಡಿ ಮುಂದೆ

ತಮ್ಮ ಕೈಲಿ ತೀರ್ಮಾನ ಆಗದಿದ್ದಾಗ ಅಪ್ಪ ಅದನ್ನು ಗಿರಾಕಿಗಳ ಮುಂದಿಡುತ್ತಾರೆ. ಸೋಮವಾರ ಬೆಳಿಗ್ಗೆಯಿಂದಲೇ ಬೂಸಾ ತಗೊಳ್ಳಲು ಬಂದವರಿಗೆಲ್ಲ ನನ್ನ ಸೀಟಿನ ವಿಷಯ ಒಪ್ಪಿಸಿದರು. ನಾನು ಒಳಗೆ ಮೂಟೆಗಳ ಹಿಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಮೊದಲು ಬಂದವರು ಹಾಲಿನ ಡೇರಿಗೆ ಹಾಲು ಹಾಕುವ ರೈತರೊಬ್ಬರು. "ತಿರುಪ್ತಿಗೆ ಕಳ್ಸಿ ಸಾವ್ಕಾರ್ರೆ. ಓದು ಹತ್ತದಿದ್ರೂ ದೇವ್ರ ದರ್ಶನ ಆಯ್ತದೆ" ಅಂದರು. ಅವರ ಹಿಂದೆ ನಿಂತಿದ್ದವರೊಬ್ಬರು ಬೀದರ್ ಅಂದರು. ಯಾಕೆ ಅಂತ ಕೇಳಿದ್ದಕ್ಕೆ, ಅವರ ಷಡ್ಡಕರ ಮಗ ಅಲ್ಲಿ ಪೊಲೀಸು ಅಂತ ಕಾರಣ ಕೊಟ್ಟರು. ಮೂರನೆಯವರು ಬಹಳ ಹೊತ್ತು ಯೋಚನೆ ಮಾಡಿ, "ಪುದುಚೇರೀಲಿ ಸಮುದ್ರ ಐತೆ, ದನ ಎಲ್ಲೈತೆ? ಈ ಮಗು ಮೀನಿಗೆ ಸೂಜಿ ಹಾಕೋದ್ ಕಲ್ತು ಬಂದ್ರೆ ನಮ್ ಗತಿ ಏನು?" ಅಂದರು.

ಈ ಮಾತು ಅಪ್ಪನ ಮನಸ್ಸಿಗೆ ಹೊಕ್ಕುಬಿಟ್ಟಿತು. ಒಳಗೆ ಬಂದು ಮೆತ್ತಗೆ ಕೇಳಿದರು, "ಅಲ್ಲಿ ದನ ಅವೆ ಏನವ್ವ?"

ನಾನು ಫೋನಿನಲ್ಲಿ ಹುಡುಕಿ, ಪುದುಚೇರಿಯ ಬೀದಿಯೊಂದರಲ್ಲಿ ನಿಂತಿದ್ದ ಹಸುವಿನ ಫೋಟೊ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು, ಫೋಟೊ ದೊಡ್ಡದು ಮಾಡಿ, ತಲೆಯಿಂದ ಬಾಲದವರೆಗೆ ನೋಡಿದರು. ಕಾಲೇಜಿನ ಬಗ್ಗೆ ಏನೋ ಹೇಳುತ್ತಾರೆ ಅಂತ ನಾನು ಕಾದೆ.

"ಪಕ್ಕೆಲುಬು ಕಾಣ್ತಾವೆ. ಅಲ್ಲೊಂದು ಹಿಂಡಿ ಅಂಗಡಿ ಹಾಕಬೋದು" ಅಂದರು.

ಎರಡು ಕಡೆ ನೀರು

ಅಮ್ಮನ ಭಯ ಬೇರೆ. ಅವಳಿಗೆ ಕಾಲೇಜು ಯಾವುದಾದರೇನು, ದೂರ ಎಷ್ಟು ಅನ್ನುವುದಷ್ಟೇ ಮುಖ್ಯ. ಸೀಟು ಸಿಕ್ಕ ದಿನದಿಂದ ಅಡುಗೆಮನೆಯಲ್ಲಿ ಅವಳು ಒಬ್ಬಳೇ ಮಾತಾಡಿಕೊಳ್ಳುತ್ತಿದ್ದಳು. ಹತ್ತಿರ ಹೋದರೆ ಪಾತ್ರೆ ತಿಕ್ಕತೊಡಗುತ್ತಿದ್ದಳು. ಒಂದು ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ನಾವು ಮೂವರೂ ನೀರು ಕುಡಿದುಕೊಂಡೇ ಉಂಡೆವು.

ಶಿರಾದಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ಅವರ ಸ್ನೇಹಿತರೊಬ್ಬರು ಕುರಿ ವ್ಯಾಪಾರದ ಸಾಹೇಬರು, ಬೀದರ್ ಕಡೆಯೆಲ್ಲ ಓಡಾಡಿದವರು. ಅವರನ್ನು ಕೇಳೋಣ ಅಂತ ಅದೇ ಸೋಮವಾರ ಮಧ್ಯಾಹ್ನ ಅಮ್ಮ ನನ್ನನ್ನು ಕರೆದುಕೊಂಡು ಹೊರಟಳು. ಸಾಹೇಬರು ಚಹಾ ತರಿಸಿ, ಆದರದಿಂದ ಕೂರಿಸಿ ಮಾತಾಡಿದರು.

"ಬೀದರ್ ಬಹುತ್ ಅಚ್ಛಾ ಊರು ಬೇಟಿ. ಜನ ಒಳ್ಳೇವ್ರು. ಕಣ್ಮುಚ್ಕೊಂಡು ಹೋಗು."

ಅಮ್ಮ ಸೆರಗು ಸರಿಮಾಡಿಕೊಂಡು ಕೇಳಿದಳು, "ಬಲೇ ದೂರ ಅಂತಾರಲ್ಲ ಸಾಹೇಬ್ರೆ?"

"ದೂರ ಏನಿಲ್ಲಮ್ಮ. ಸಾಯಂಕಾಲ ಲಾರಿಗೆ ಕುರಿ ಹತ್ಸಿದ್ರೆ ಬೆಳಿಗ್ಗೆ ಆರಾಮಾಗಿ ಇಳೀತಾವೆ."

"ದಾರೀಲಿ ನೀರು ಗೀರು?"

"ಎರಡು ಕಡೆ ನಿಲ್ಸಿ ಕುಡಿಸ್ತೀವಿ. ಒಂದು ಕಡೆ ಮೇವು ಭೀ ಹಾಕ್ತೀವಿ."

ಅಮ್ಮನ ಮುಖ ಸ್ವಲ್ಪ ತಿಳಿಯಾಯಿತು. ನನಗೆ ಸಮಾಧಾನ ಆಯಿತು. ಮಧುಗಿರಿ ಬಸ್ಸು ಹತ್ತಿ ಅರ್ಧ ದಾರಿ ಬಂದಿದ್ದೆವು. ಕಿಟಕಿಯಿಂದ ಆಚೆ ನೋಡುತ್ತಿದ್ದ ಅಮ್ಮ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

"ಕುರಿಗಾದ್ರೆ ಎರಡು ಕಡೆ ನಿಲ್ಲುಸ್ತಾರೆ ಕಣೆ. ನಿಂಗೆ ಆ ಬಸ್ಸಿನೋರು ನಿಲ್ಲುಸ್ತಾರೋ ಇಲ್ವೋ."

ಸೇರುವ ಮೊದಲೇ ಡಾಕ್ಟ್ರು

ಮಾರನೇ ದಿನ ಅಜ್ಜಿಯ ಆಶೀರ್ವಾದಕ್ಕೆ ಅಂತ ತೋವಿನಕೆರೆಗೆ ಹೋದೆ. ಅಮ್ಮನ ತವರು ಅದು. ಮನೆ ಮುಂದೆ ಎರಡು ಆಡು, ಒಂದು ಎಮ್ಮೆ, ಅದರ ಹಗ್ಗ ಹಿಡಿದ ಒಬ್ಬ ರೈತ, ಕಂಕುಳಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ಹೆಂಗಸು ಕಾಯುತ್ತಿದ್ದರು. ಏನು ಸಮಾಚಾರ ಅಂತ ನಾನು ಕೇಳುವ ಮೊದಲೇ ಅಜ್ಜಿ ಅವರಿಗೆ ಹೇಳಿದಳು, "ಬಂದ್ಲು ನೋಡ್ರವ್ವ, ಡಾಕ್ಟ್ರು."

"ಅಜ್ಜಿ, ನಾನಿನ್ನೂ ಕಾಲೇಜಿಗೇ ಸೇರಿಲ್ಲ."

"ಸೇರದಿದ್ರೆ ಏನಾಯ್ತು? ಒಂದಲ್ಲ, ಮೂರು ಕಾಲೇಜಿನೋರು ಬಾ ಬಾ ಅಂತ ಕರ್ದವ್ರೆ. ನಿಂಗೇನೂ ತಿಳೀದೆ ಕರ್ದಾರಾ?"

ಎಮ್ಮೆ ಕರುವನ್ನು ಹತ್ತಿರ ಬಿಡುತ್ತಿಲ್ಲ, ಹಾಲು ಕರೆಯಲು ಕೂತರೆ ಒದೆಯುತ್ತೆ ಅಂತ ಎಮ್ಮೆಯವನು ಹೇಳಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಧೈರ್ಯ ಮಾಡಿ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟೆ. ಅದು ತಿರುಗಿ ನೋಡಿತು. ನಾನು ಕೈ ಹಿಂದಕ್ಕೆಳೆದುಕೊಂಡೆ. ಅಷ್ಟು ಹೊತ್ತೂ ಯಾವ ಕಾಲೇಜು ಅಂತ ತಲೆ ಕೆಡಿಸಿಕೊಂಡಿದ್ದವಳಿಗೆ, ಈ ಕೆಲಸವೇ ನನ್ನಿಂದ ಆಗದಿದ್ದರೆ ಏನು ಮಾಡೋದು ಅನ್ನುವ ಭಯ ಆವತ್ತು ಮೊದಲ ಸಲ ಬಂತು.

ಸುಮ್ಮನೆ ನಿಲ್ಲುವುದು ಸರಿಯಲ್ಲ ಅನಿಸಿ, ನಂಬರ್ ಕೇಳಿ ತಗೊಂಡು ಆ ಕಡೆಯ ಪಶುವೈದ್ಯರಿಗೆ ಫೋನ್ ಮಾಡಿದೆ. ಮಧ್ಯಾಹ್ನ ಅವರು ಬೈಕಿನಲ್ಲಿ ಬಂದರು. ಎಮ್ಮೆಯವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಯಾವಾಗಿನಿಂದ, ಎಲ್ಲಿ ಮೇಯಿಸಿದೆ, ಯಾವ ಕಡೆ ಕೂತರೆ ಒದೆಯುತ್ತೆ ಅಂತೆಲ್ಲ ವಿಚಾರಿಸಿದರು. ಆಮೇಲೆ ಕೆಚ್ಚಲು ನೋಡಿದರೆ ಒಂದು ಮೊಲೆ ಒಡೆದು ಹುಣ್ಣಾಗಿತ್ತು. ಮುಲಾಮು ಹಚ್ಚಿದರು. ನಾನು ಅಂಜುತ್ತಾ ನನ್ನ ಮೂರು ಸೀಟಿನ ಕತೆ ಹೇಳಿದೆ.

ಅವರು ಕೈ ತೊಳೆದುಕೊಳ್ಳುತ್ತಾ, "ಪಾಠ ಎಲ್ಲಾ ಕಡೆ ಒಂದೇ ಕಣಮ್ಮ. ದನ ಹೇಳಲ್ಲ, ದನ ಸಾಕಿದೋರು ಹೇಳ್ತಾರೆ. ಅವ್ರು ಹೇಳೋದು ಅರ್ಥ ಆಗ್ಬೇಕು, ಅಷ್ಟೇ" ಅಂದು ಹೊರಟರು.

ನನಗೆ ಆ ಮಾತು ನಾಟಿತು. ಅಜ್ಜಿಗೆ ನಾಟಿದ್ದು ಬೇರೆ. ಸಂಜೆ ನೀರಿಗೆ ಬಂದ ಹೆಂಗಸರಿಗೆಲ್ಲ ಅವಳು ಹೇಳುತ್ತಿದ್ದಳು, "ನಮ್ ಹುಡ್ಗಿ ಎಮ್ಮೇನ ಮುಟ್ಟಿದ್ದೂ ಇಲ್ಲ. ಬರೀ ಒಂದ್ ಫೋನಲ್ಲೇ ವಾಸಿ ಮಾಡ್ಬುಟ್ಲು."

ಉಬ್ಬಿದ ಕಡುಬು

ಅಪ್ಪನ ತಂಗಿ ಪಾವಗಡದ ಕಡೆ, ರಾಯಚರ್ಲು ಹತ್ತಿರ ಇದ್ದಾರೆ. ಅವರದು ಅರ್ಧ ಕನ್ನಡ, ಅರ್ಧ ತೆಲುಗಿನ ಸಂಸಾರ. ತಿರುಪತಿಗೇ ಕಳಿಸಬೇಕು ಅನ್ನುವುದು ಅತ್ತೆಯ ಹಟ. ಭಾಷೆ ಬರೋದಿಲ್ಲವಲ್ಲ ಅಂದರೆ, "ಬಾ, ಎರಡು ದಿನ ನಮ್ಮನೇಲಿರು. ತಾನೇ ಬತ್ತದೆ" ಅಂತ ಕರೆಸಿಕೊಂಡರು.

ಎರಡನೇ ದಿನ ಬೆಳಿಗ್ಗೆ ಪರೀಕ್ಷೆಗೆ ಅಂತ ನನ್ನನ್ನು ಸೋಲಾರ್ ಹಲಗೆಗಳನ್ನು ಹಾಕಿರುವ ಕಡೆ ಕರೆದುಕೊಂಡು ಹೋದರು. ಆ ಹಲಗೆಗಳ ಸಾಲಿನ ನೆರಳಲ್ಲಿ ಕುರಿಗಳು ಮಲಗಿದ್ದವು. ಅತ್ತೆಗೆ ಪರಿಚಯದ ಕುರಿಗಾಹಿ ಅಲ್ಲಿದ್ದ. "ಇವಳು ಕುರಿ ಡಾಕ್ಟ್ರಾಗೋಳು. ಏನಾದ್ರೂ ಇದ್ರೆ ತೆಲುಗಲ್ಲೇ ಹೇಳಪ್ಪ" ಅಂತ ಅತ್ತೆ ಹೇಳಿದರು.

ಅವನು ಒಂದು ಕುರಿ ತೋರಿಸಿ, "ದೀನಿ ಕಡುಪು ಉಬ್ಬಿಂದಮ್ಮಾ" ಅಂದ.

ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟೇನಾ ತೆಲುಗು ಅನಿಸಿತು. ಕಡುಬು ಉಬ್ಬಿದೆ. ಡಾಕ್ಟರ ಹಾಗೆ ಮುಖ ಗಂಭೀರ ಮಾಡಿಕೊಂಡು ಕೇಳಿದೆ, "ಕುರಿಗೆ ಕಡುಬು ಯಾಕೆ ಹಾಕೋಕೆ ಹೋದ್ರಿ? ಎಷ್ಟು ತಿಂತು?"

ಕುರಿಗಾಹಿ ನನ್ನನ್ನು ನೋಡಿದ, ಅತ್ತೆಯನ್ನು ನೋಡಿದ. ಅತ್ತೆ ಬಾಯಿಗೆ ಸೆರಗು ಹಿಡಿದರು. ಕಡುಪು ಅಂದರೆ ತೆಲುಗಲ್ಲಿ ಹೊಟ್ಟೆಯಂತೆ. ಕುರಿಯ ಹೊಟ್ಟೆ ಉಬ್ಬರಿಸಿತ್ತು. ಪುಣ್ಯಕ್ಕೆ ಅವನು ನನ್ನನ್ನು ನಂಬಿ ಕೂರದೆ ಆಗಲೇ ಆಸ್ಪತ್ರೆಯಿಂದ ಔಷಧಿ ತಂದು ಕುಡಿಸಿದ್ದ. ನಿಜವಾಗಿ ಡಾಕ್ಟ್ರೇ ಆಗಿದ್ದು, ಕಡುಬಿನ ಲೆಕ್ಕ ಕೇಳುತ್ತಾ ನಿಂತಿದ್ದರೆ ಆ ಜೀವದ ಗತಿ ಏನು?

ನಾವು ಹೊರಡುವಾಗ ಕುರಿಗಾಹಿ ಅತ್ತೆಯ ಕಿವಿಯಲ್ಲಿ ಏನೋ ಹೇಳಿದ. ಏನಂದ ಅಂತ ಕೇಳಿದೆ.

"ಪಾಪ, ಹುಡ್ಗಿಗೆ ಹಸಿವಾಗೈತೆ, ಮೊದ್ಲು ಊಟಕ್ಕಿಕ್ಕಿ ಅಂದ."

ಶುಕ್ರವಾರ

ಕಡೆಗೂ ಶುಕ್ರವಾರ ಬಂತು. ಬೆಳಿಗ್ಗೆ ಅಪ್ಪ ಕೊರಟಗೆರೆಗೆ ಹಿಂಡಿ ಲೋಡು ಕೊಡಲು ಹೊರಟು ನಿಂತರು. "ಯಾವುದು ಹೇಳಲಿ ಅಪ್ಪ?" ಅಂತ ಕೇಳಿದೆ. ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಿಂಗೆ ಹೆಂಗ್ ತೋಚುತ್ತೋ ಅಂಗ್ ಮಾಡವ್ವ" ಅಂದು ಗಾಡಿ ಹತ್ತಿಬಿಟ್ಟರು.

ಮಧ್ಯಾಹ್ನ ನಾನೂ ಅಮ್ಮನೂ ಸೈಬರ್ ಸೆಂಟರಿಗೆ ನಡೆದೆವು. ದಾರಿಯಲ್ಲಿ ಅಮ್ಮನಿಗೆ ಹೇಳಿದೆ, "ಅಮ್ಮ, ದೂರ ಆದ್ರೂ ಬೀದರ್ ಅಂದ್ಕೊಂಡಿದೀನಿ. ಎಂಥಾ ಕನ್ನಡ ಆದ್ರೂ ಕನ್ನಡ. ರೈತರು ಹೇಳೋದು ನಂಗೆ ತಿಳಿಯುತ್ತೆ."

ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಅಮ್ಮ ಹೇಳಿದಳು, "ನಿಂಗೆ ಹುಷಾರ್ ತಪ್ಪಿದ್ರೂ ಪಕ್ಕದೋರಿಗೆ ತಿಳಿಯೋ ಅಂಗ್ ಹೇಳ್ಕೊಬೋದು. ಆಗ್ಲಿ, ಬೀದರೇ ಇರ್ಲಿ."

ಸೈಬರ್ ಸೆಂಟರಿನಲ್ಲಿ ನನ್ನಂಥವರ ಸಾಲೇ ಇತ್ತು. ನಮ್ಮ ಸರದಿ ಬರುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಬೀದರ್ ಒತ್ತಿದೆ. ಖಾತ್ರಿಪಡಿಸಲು ಫೋನಿಗೆ ಬಂದಿರುವ ಒಟಿಪಿ ಹಾಕಿ ಅಂತ ಪರದೆಯ ಮೇಲೆ ಬಂತು. ಅರ್ಜಿಯಲ್ಲಿ ಕೊಟ್ಟಿದ್ದು ಅಪ್ಪನ ನಂಬರ್. ನನ್ನ ಫೋನಿನ ಚಾರ್ಜು ಮುಗಿದಿತ್ತು. ಗಾಬರಿಯಲ್ಲಿ ಹೊರಟ ಅಮ್ಮ ತನ್ನ ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಸೈಬರ್ ಸೆಂಟರಿನ ಅಣ್ಣನ ಫೋನಿನಿಂದ ಅಪ್ಪನಿಗೆ ಮಾಡಿ, ಸುತ್ತ ಗಲಾಟೆ ಅಂತ ಸ್ಪೀಕರಿಗೆ ಹಾಕಿದೆ.

"ಅಪ್ಪ, ನಿನ್ನ ಫೋನಿಗೊಂದು ನಂಬರ್ ಬಂದೈತೆ, ಬೇಗ ಹೇಳು."

"ಯಾರು ನೀವು?"

"ನಾನಪ್ಪ, ನಿನ್ನ ಮಗಳು."

"ನನ್ ಮಗಳ ನಂಬರ್ ಇದಲ್ಲ. ಈ ನಂಬರ್ ಯಾರಿಗೂ ಹೇಳ್ಬ್ಯಾಡಿ ಅಂತ ಇಲ್ಲೇ ಬರ್ದೈತೆ."

"ದನಿ ಗೊತ್ತಾಗಲ್ವಾ ಅಪ್ಪ?"

"ಈಗ ಮಿಮಿಕ್ರಿಯೋರು ಯಾರ ದನಿ ಬೇಕಾದ್ರೂ ಮಾಡ್ತಾರಂತೆ. ನಮ್ ಪಕ್ಕದಂಗಡಿಯೋರಿಗೆ ಅಂಗೇ ಟೋಪಿ ಹಾಕವ್ರೆ."

ಒಂದು ಒಟಿಪಿಯ ಹೊತ್ತು ಮುಗಿಯಿತು. ಇನ್ನೊಂದು ಕಳಿಸಿದೆವು. ನನಗೆ ಅಳು ಬರುವ ಹಾಗಾಗಿತ್ತು. ನಮ್ಮ ಮನೆ ಎಲ್ಲಿದೆ, ಬಾಗಿಲು ಯಾವ ಕಡೆಗಿದೆ, ಎಲ್ಲ ಹೇಳಿದೆ. "ಅದು ಬೀದೀಲಿ ಹೋಗೋರಿಗೂ ಗೊತ್ತು" ಅಂದರು. ಹುಟ್ಟಿದ ದಿನ ಹೇಳಿದೆ. "ಆಧಾರ್ ಕಾರ್ಡಲ್ಲೈತೆ" ಅಂದರು. ಜೀವಮಾನದಲ್ಲಿ ಯಾವುದಕ್ಕೂ ಒಂದು ತೀರ್ಮಾನ ಕೊಡದ ಮನುಷ್ಯ ಆವತ್ತು ಬಂಡೆಯ ಹಾಗೆ ಕೂತಿದ್ದರು.

ಕೊನೆಗೆ ಅಪ್ಪನೇ ಒಂದು ದಾರಿ ಹೇಳಿದರು. "ಕಾರ್ಡಲ್ಲಿ ಇಲ್ಲದ್ದು ಕೇಳ್ತೀನಿ. ನನ್ ಹೆಂಡ್ತಿಗೆ ಸಿಟ್ಟು ಬಂದಾಗ ನನ್ನ ಏನಂತಾಳೆ?"

ಸಾಲಿನಲ್ಲಿದ್ದವರೆಲ್ಲ ಕಿವಿ ಈ ಕಡೆ ತಿರುಗಿಸಿದರು. ನನಗೆ ಉತ್ತರ ಗೊತ್ತಿತ್ತು. ಆದರೆ ಅಷ್ಟು ಜನರ ಮುಂದೆ ನನ್ನ ಬಾಯಿಂದ ಹೇಗೆ ಬರಬೇಕು? ಅಮ್ಮನ ಮುಖ ನೋಡಿದೆ. ವಾರವೆಲ್ಲ ಭಯವನ್ನು ನುಂಗಿಕೊಂಡು ಓಡಾಡಿದ್ದ ಅಮ್ಮ ಬೆಂಚಿನಿಂದ ಎದ್ದು ಬಂದು ಫೋನ್ ಕಿತ್ತುಕೊಂಡಳು.

"ಅರೆಬೆಂದ ಮುದ್ದೆ. ಹೊತ್ತು ಮುಳುಗ್ತೈತೆ, ಆ ನಂಬರ್ ಹೇಳ್ತೀರೋ ಇಲ್ಲ ಇನ್ನೂ ಬಾಕಿದ್ದೂ ಹೇಳ್ಲೋ?"

ಆ ಕಡೆ ಅಪ್ಪ ನಿರಾಳವಾಗಿ, "ಹಾಂ, ಈಗ ಖಾತ್ರಿ ಆಯ್ತು. ಬರ್ಕೊ" ಅಂದು ಒಂದೊಂದೇ ಅಂಕಿ ಹೇಳಿದರು.

ಬೀದರ್ ಸೀಟು ನನ್ನದಾಯಿತು. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಮ್ಮ ತಲೆ ಎತ್ತದೆ ಸೆರಗಿನ ತುದಿ ಸುತ್ತುತ್ತಿದ್ದಳು. ಸೈಬರ್ ಸೆಂಟರಿನ ಅಣ್ಣ ಪ್ರಿಂಟ್ ತೆಗೆದು ನನ್ನ ಕೈಗೆ ಕೊಟ್ಟ. ಆಮೇಲೆ ಸಾಲಿನಲ್ಲಿ ಮುಂದೆ ನಿಂತಿದ್ದ ಹುಡುಗಿಯನ್ನು ಕರೆದು, ಒಂದಿಷ್ಟೂ ನಗದೆ ಕೇಳಿದ:

"ನಿಮ್ಮಪ್ಪನ ನಂಬರಾ ಕೊಟ್ಟಿರೋದು? ನಿಮ್ಮಮ್ಮ ಅವರನ್ನ ಏನಂತ ಬೈತಾರೆ ಅಂತ ಮೊದ್ಲೇ ಕೇಳ್ಕೊಂಡ್ ಬಂದುಬುಡಮ್ಮ. ಆಮೇಲೆ ಟೈಮ್ ಆಗೋಯ್ತದೆ."