ಖಾಲಿ ತಟ್ಟೆಯ ಕೆಂಪು ನೂಲು

ಕಸದ ವಿಷಯದಲ್ಲಿ ಈ ಲೋಕಕ್ಕೆ ನ್ಯಾಯವಿಲ್ಲ. ಐವತ್ತು ವರ್ಷ ನಾನು ಕಸ ಗುಡಿಸಿದೆ. ಯಾರೂ ನನ್ನನ್ನು ಏನೂ ಅನ್ನಲಿಲ್ಲ; ಗುಡಿಸದ ದಿನ ಮಾತ್ರ ಅಂದರು. ನನ್ನ ಮೊಮ್ಮಗಳು ಸವಿತಾ ಕಸ ಗುಡಿಸುವುದೂ ಇಲ್ಲ, ಬರೀ ಎಣಿಸುತ್ತಾಳೆ. ಅವಳನ್ನು ವಿಜ್ಞಾನಿ ಅನ್ನುತ್ತಾರೆ. ಅದೂ ಮನೆಯ ಕಸವಲ್ಲ, ಸಮುದ್ರದ ಕಸ. ಕಾವೇರಿ ಹೋಗಿ ಸಮುದ್ರ ಸೇರುವ ಕಡೆ, ತಮಿಳುನಾಡಿನ ತೀರದಲ್ಲಿ, ದೋಣಿ ಹತ್ತಿ ಹೋಗಿ ಬಾಟಲಿಗೆ ನೀರು ತುಂಬಿಕೊಂಡು ಬರುತ್ತಾಳೆ. ಆ ನೀರನ್ನು ಕಾಗದದಲ್ಲಿ ಸೋಸಿ, ಕಾಗದದ ಮೇಲೆ ಉಳಿದ ಪ್ಲಾಸ್ಟಿಕ್ ಚೂರುಗಳನ್ನು ಹುಡುಕುತ್ತಾಳೆ. ಅವು ಬರಿಗಣ್ಣಿಗೆ ಕಾಣುವುದಿಲ್ಲವಂತೆ. ಕಾಣದೇ ಇರುವುದು ಕಸ ಹೇಗಾಗುತ್ತದೆ ಎಂದು ನಾನು ಕೇಳಿದ್ದೆ. ನನ್ನ ಕಾಲದಲ್ಲಿ ಕಸ ಕಾಣದಿದ್ದರೆ ಅದು ಮಂಚದ ಕೆಳಗಿದೆ ಎಂದು ಅರ್ಥ.

ಈ ಸವಿತಾ ದೋಣಿಯ ಒದ್ದೆ ಹಲಗೆಯ ಮೇಲೆ ಜಾರಿ ಕಾಲು ಮುರಿದುಕೊಂಡಳು. ಅವಳ ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಎದ್ದು ಶಾಲೆಗೆ ಪಾಠ ಹೇಳಲು ಹೋಗುವವರು. ಆದ್ದರಿಂದ ಪ್ಲಾಸ್ಟರ್ ಹಾಕಿದ ಕಾಲಿನೊಂದಿಗೆ ದೊಡ್ಡಆಲಹಳ್ಳಿಯ ನನ್ನ ಮನೆಗೆ ಬಂದಳು. ಕಾಲಿನ ಜೊತೆಗೆ ಒಂದು ಮೈಕ್ರೋಸ್ಕೋಪು, ಗಾಜಿನ ಸಣ್ಣ ತಟ್ಟೆಗಳು, ನೀರು ಸೋಸಿ ಮಡಿಸಿಟ್ಟ ಕಾಗದಗಳು, ಒಂದು ಬಿಳಿ ಕೋಟು, ಇವೂ ಬಂದವು. ಶುಕ್ರವಾರದೊಳಗೆ ಅಷ್ಟೂ ಕಾಗದ ನೋಡಿ ಅವಳ ಮೇಡಂಗೆ ವರದಿ ಕಳಿಸಬೇಕಿತ್ತು. ಕಳಿಸದಿದ್ದರೆ, ಅಥವಾ ತಪ್ಪು ಕಳಿಸಿದರೆ, ಮುಂದಿನ ವರ್ಷಕ್ಕೆ ಆ ಕೆಲಸವೇ ಇಲ್ಲ. ವರ್ಷವೆಲ್ಲ ವಾಂತಿ ಮಾಡಿಕೊಂಡು ದೋಣಿಯಲ್ಲಿ ತಿರುಗಿದ್ದು ದಂಡ.

ಪಕ್ಕದ ಮನೆ ಪುಟ್ಟಮ್ಮನಿಗೆ ಇದೆಲ್ಲ ತಿಳಿಯದೆ ನಿದ್ದೆ ಬರುವುದಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು, “ಅಲ್ಲ ಕಣವ್ವ, ಕಸ ಎಣ್ಸಾಕೆ ಅಷ್ಟು ದೂರ ಯಾಕ್ ಹೋಗಿದ್ದೆ? ನಮ್ ಚರಂಡಿ ಸಾಲ್ದಾಗಿತ್ತಾ?”

“ನಿಮ್ ಚರಂಡಿನೇ ಪುಟ್ಟಜ್ಜಿ ಅಲ್ಲಿಗ್ ಬಂದಿರೋದು,” ಅಂದಳು ಸವಿತಾ. “ನೀವು ಎಸೆದ ಶಾಂಪೂ ಕವರು ಹಳ್ಳ ಹಿಡ್ದು ಸಂಗಮಕ್ಕೆ ಹೋಯ್ತದೆ. ಅಲ್ಲಿಂದ ಕಾವೇರಿ, ಅಲ್ಲಿಂದ ಸಮುದ್ರ.”

“ನಾನು ಶಾಂಪೂನೇ ಹಾಕಲ್ಲ. ಸೀಗೆಪುಡಿ,” ಅಂದಳು ಪುಟ್ಟಮ್ಮ.

“ಸೀಗೆಪುಡಿ ಯಾವುದ್ರಾಗೆ ಬತ್ತದೆ?”

ಪುಟ್ಟಮ್ಮ ಒಲೆಯ ಮೇಲೆ ಹಾಲು ಇಟ್ಟದ್ದು ನೆನಪಾಯಿತು ಎಂದು ಹೊರಟುಹೋದಳು. ಅವಳ ಮನೆಯಲ್ಲಿ ಹಾಲು ಯಾವಾಗಲೂ ಇಂಥ ಹೊತ್ತಿನಲ್ಲೇ ಉಕ್ಕುತ್ತದೆ.

ಸವಿತಾಳಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಕಣ್ಣನ್ನು ಮೈಕ್ರೋಸ್ಕೋಪಿಗೆ ಅಂಟಿಸಿ ಕೂತುಬಿಡುತ್ತಿದ್ದಳು. ಕೈ ಮಾತ್ರ ಹಿಂದಕ್ಕೆ ಚಾಚುತ್ತಿದ್ದಳು. ಅವಳು ತಂದಿದ್ದ ಶುದ್ಧ ನೀರಿನಲ್ಲಿ ಗಾಜಿನ ತಟ್ಟೆಯನ್ನು ತೊಳೆದು, ಒರೆಸಿ, ಆ ಕೈಗೆ ಕೊಡುವುದು ನನ್ನ ಕೆಲಸ. ಜೊತೆಗೆ ಒಂದು ಖಾಲಿ ತಟ್ಟೆ ಇತ್ತು. ಅದರಲ್ಲಿ ಹೊಸ ಕಾಗದ ಹಾಕಿ ಸುಮ್ಮನೆ ಪಕ್ಕದಲ್ಲಿ ಇಡುವುದಂತೆ. ಮನೆಯ ಧೂಳೋ ಇನ್ನೊಂದೋ ಬಿದ್ದರೆ ಅದರಲ್ಲಿ ಗೊತ್ತಾಗುತ್ತದಂತೆ. ಏನೂ ಇಲ್ಲದ್ದನ್ನು ಕಾಯಲು ಒಂದು ತಟ್ಟೆ! ಓದು ಹೆಚ್ಚಾದರೆ ಹೀಗೇ ಆಗುತ್ತದೆ ಎಂದುಕೊಂಡೆ.

ಆ ಕಾಗದಗಳಲ್ಲಿ ಸಿಗುವ ಪ್ಲಾಸ್ಟಿಕ್ ಹೆಚ್ಚಾಗಿ ನೂಲಿನ ಎಳೆಗಳಂತೆ. ನೂಲಿನ ಕೆಲಸ ನನಗೂ ಹೊಸದಲ್ಲ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ಬಹಳ ವರ್ಷ ದುಡಿದವಳು ನಾನು. ಕುದಿಯುವ ನೀರಿನಲ್ಲಿ ತೇಲುವ ಗೂಡಿಗೆ ಬೆರಳು ಹಾಕಿ ಎಳೆಯ ತುದಿ ಹಿಡಿಯಬೇಕು. ಬೆರಳು ಬೆಂದು ಬೆಂದು ನನಗೆ ಈಗ ಬಿಸಿ ಕಾಫಿ ಲೋಟವೂ ಬಿಸಿ ಅನ್ನಿಸುವುದಿಲ್ಲ. ಒಮ್ಮೆ ಒಬ್ಬ ವ್ಯಾಪಾರಿ ಅಸಲಿ ರೇಷ್ಮೆ ಎಂದು ಒಂದು ಲಡಿ ನೂಲು ತಂದು ತೋರಿಸಿದ. ನಾನು ಒಂದೆಳೆ ಕಿತ್ತು ಬೆಂಕಿಗೆ ಹಿಡಿದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಅದು ಕರಗಿ ಮಣಿಯಾಯಿತು. ಅವನು ನನ್ನ ಮುಖ ನೋಡಿದ, ನಾನು ಮಣಿ ನೋಡಿದೆ. ಸವಿತಾಳೂ ಹಾಗೇ ಕಾದ ಸೂಜಿಯನ್ನು ಎಳೆಗೆ ತಾಗಿಸುತ್ತಿದ್ದಳು. ಸುರುಟಿಕೊಂಡರೆ ಪ್ಲಾಸ್ಟಿಕ್. “ಇದಕ್ಕೆ ಅಷ್ಟು ವರ್ಷ ಓದ್ಬೇಕಿತ್ತಾ?” ಅಂದೆ. “ಸುಮ್ನೆ ತಟ್ಟೆ ಕೊಡಜ್ಜಿ,” ಅಂದಳು.

ಮೂರನೆಯ ದಿನ ಅವಳು ಕೂತಲ್ಲೇ ಕುಣಿದಳು. “ಅಜ್ಜೀ, ನೋಡಿದ್ ಕಾಗದದಾಗೆಲ್ಲಾ ಒಂದೇ ಥರದ ಕೆಂಪು ನೂಲು ಸಿಕ್ತಾ ಐತೆ! ಯಾವ ತೀರದ ನೀರು ನೋಡಿದ್ರೂ ಅದೇ. ಹೊಸ ವಿಷಯ ಕಣಜ್ಜಿ ಇದು! ಸಂಜೆ ಮೇಡಂಗೆ ಫೋನ್ ಮಾಡ್ತೀನಿ. ಬಾ, ನೀನೂ ಒಸಿ ನೋಡು.”

ಆಪರೇಷನ್ ಆದ ಕಣ್ಣನ್ನು ಕೊಳವೆಗೆ ಇಟ್ಟೆ. ಹಗ್ಗದಷ್ಟು ದಪ್ಪನೆಯ ಕೆಂಪು ಎಳೆಗಳು. ರೇಷ್ಮೆಯ ಎಳೆ ಹೊಳೆಯ ಹಾಗೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಇದು ಕೊಳಾಯಿ ಪೈಪಿನ ಹಾಗೆ ಉದ್ದಕ್ಕೂ ಒಂದೇ ಸಮ. ಮಿಷನ್ ನೂಲು. ಅಷ್ಟೇ ಆಗಿದ್ದರೆ ನಾನೂ ಕುಣಿಯುತ್ತಿದ್ದೆ. ಆದರೆ ಮೂಲೆಯಲ್ಲಿ ಏನೋ ಮಿನುಗಿತು. ಜರಿ! ಸಮುದ್ರದಲ್ಲಿ ಜರಿ ಎಲ್ಲಿಂದ ಬಂತು, ಮೀನು ಯಾವ ಮದುವೆಗೆ ಹೊರಟಿತ್ತು ಎಂದುಕೊಂಡು ತಲೆ ಎತ್ತುವಾಗ ನನ್ನ ಸೆರಗು ಕಣ್ಣಿಗೆ ಬಿತ್ತು. ದಾಸವಾಳದ ಕೆಂಪು, ಅಂಚಿಗೆ ಜರಿ. ಕನಕಪುರದಲ್ಲಿ ತಳ್ಳುಗಾಡಿಯವನ ಹತ್ತಿರ ತೆಗೆದುಕೊಂಡ ಪಾಲಿಯೆಸ್ಟರ್ ಸೀರೆ. ಮೂರು ದಿನದಿಂದ ಪ್ರತಿ ತಟ್ಟೆಯನ್ನೂ ನಾನು ಒರೆಸಿ ಕೊಟ್ಟದ್ದು ಅದರಲ್ಲೇ. ಯಾರಿಗಾದರೂ ನೀರಿನ ಲೋಟ ಕೊಡುವಾಗಲೂ ಒಂದು ಸಲ ಸೆರಗಿನಲ್ಲಿ ಒರೆಸದಿದ್ದರೆ ನನ್ನ ಕೈಗೆ ಸಮಾಧಾನವಿಲ್ಲ.

ನಾನು ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ. ಆದರೂ ಆ ದಿನ ಅಡುಗೆಮನೆಗೆ ಹೋಗಿ ಮುದ್ದೆ ತೊಳಸಲು ನಿಂತೆ. ಅವಳ ಮುಖ ಅಷ್ಟು ಅರಳಿತ್ತು. ಮುದ್ದೆ ಗಂಟುಗಂಟಾಯಿತು. ಸುಮ್ಮನಿದ್ದರೆ ಅವಳು ನನ್ನ ಸೀರೆಯನ್ನು ಸಮುದ್ರ ಎಂದು ಬರೆದು ಕಳಿಸುತ್ತಾಳೆ, ಆಮೇಲೆ ಯಾರೋ ಒಬ್ಬ ಕಂಡುಹಿಡಿದು ನಗುತ್ತಾನೆ. ಅವಳು ಫೋನು ಕೈಗೆತ್ತಿಕೊಳ್ಳುವಾಗ ಹೊರಗೆ ಬಂದೆ.

“ಸವೀ, ಆ ಕೆಂಪು ನೂಲು ಸಮುದ್ರದ್ದಲ್ಲ.”

“ಮತ್ತೆ?”

“ಕನಕಪುರದ್ದು,” ಎಂದು ಸೆರಗು ಹಿಡಿದು ತೋರಿಸಿದೆ.

ಅವಳು ಸೆರಗು ನೋಡಿದಳು, ತಟ್ಟೆ ನೋಡಿದಳು, ನನ್ನನ್ನು ನೋಡಿದಳು. “ಇದ್ರಾಗೆ ಒರೆಸ್ಬುಟ್ಯಾ?”

“ಒರೆಸ್ದೆ.”

“ಎಲ್ಲಾನೂವಾ? ಆ ಖಾಲಿ ತಟ್ಟೆನೂ?”

“ಅದನ್ನ ಎಲ್ಡು ಸಲ. ಖಾಲಿ ಇರ್ಬೇಕು ಅಂತ ನೀನೇ ಅಂದಿದ್ಯಲ್ಲ.”

ಬೈಯುತ್ತಾಳೆ ಎಂದುಕೊಂಡೆ. ಅವಳು ಖಾಲಿ ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯ ಮೇಲೆ ಕೈಯಿಟ್ಟು, “ಇದ್ರಾಗೂ ಅದೇ ಕೆಂಪು ನೂಲು. ಇದನ್ನ ಮೊದ್ಲೇ ನೋಡ್ಬೇಕಾಗಿದ್ದೋಳು ನಾನು. ಖುಷಿನಾಗೆ ನೋಡ್ನೇ ಇಲ್ಲ,” ಅಂದಳು. ಮೇಡಂಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಆ ಕಡೆಯಿಂದ ಮೊದಲು ನಗು ಕೇಳಿಸಿತು, ಆಮೇಲೆ ದಾರಿ ಬಂತು. ಸೀರೆಯ ಒಂದು ತುಂಡನ್ನು ಗಾಜಿನ ಸೀಸೆಗೆ ಹಾಕಿ ಕಳಿಸಬೇಕು. ನೋಡಿಯಾದ ಕಾಗದಗಳಲ್ಲಿ ಆ ತುಂಡಿಗೆ ಹೊಂದುವ ಎಳೆಗಳನ್ನೆಲ್ಲ ತೆಗೆದುಹಾಕಬೇಕು, ತೆಗೆದದ್ದನ್ನು ವರದಿಯಲ್ಲಿ ಬರೆಯಬೇಕು. ಇನ್ನೂ ಬಿಚ್ಚದೆ ಉಳಿದ ಅರ್ಧದಷ್ಟು ಕಾಗದಗಳನ್ನು ಹತ್ತಿ ಬಟ್ಟೆ ತೊಟ್ಟು ನೋಡಬೇಕು, ಯಾವ ತಟ್ಟೆಯನ್ನೂ ಯಾರೂ ಒರೆಸಕೂಡದು.

ಹತ್ತಿ ಸೀರೆ ಹುಡುಕಿ ಪೆಟ್ಟಿಗೆ ಮಗುಚಿದರೆ ಇದ್ದವೆಲ್ಲ ಪಾಲಿಯೆಸ್ಟರ್. ಅಷ್ಟು ವರ್ಷ ರೇಷ್ಮೆ ಬಿಚ್ಚಿದವಳ ಪೆಟ್ಟಿಗೆಯಲ್ಲಿ ಒಂದು ರೇಷ್ಮೆಯೂ ಇಲ್ಲ. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಕೊನೆಗೆ ತೀರಿಹೋದ ಗಂಡನ ಪಂಚೆ ಉಟ್ಟು, ಮೇಲೆ ಸವಿತಾಳ ಬಿಳಿ ಕೋಟು ತೊಟ್ಟುಕೊಂಡೆ. ಪುಟ್ಟಮ್ಮ ಬಾಗಿಲಿಗೆ ಬಂದವಳು ಗಕ್ಕನೆ ನಿಂತಳು. “ಇದೇನ್ ನಿಂಗಕ್ಕ, ಯಾವ್ ಮಠ ಸೇರ್ಕಂಡೆ?” ಎಂದು ಕೇಳಿ, ಕೋಟು ಕಂಡ ಮೇಲೆ, “ಓ, ಡಾಕ್ಟ್ರಾ? ಹಂಗಾರೆ ನನ್ ಮಂಡಿ ಒಸಿ ನೋಡು,” ಎಂದು ಕೂತೇಬಿಟ್ಟಳು. ಅವಳನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ನಾಲ್ಕು ತಟ್ಟೆ ತಾವಾಗಿಯೇ ಒಣಗಿದವು.

ಶುಕ್ರವಾರ ಮಧ್ಯಾಹ್ನ ವರದಿ ಹೋಯಿತು. ಮುಂದಿನ ವರ್ಷಕ್ಕೂ ಕೆಲಸ ಉಳಿಯಿತು ಎಂದು ಮರುವಾರ ಮೇಡಂ ಹೇಳಿದರು. ವರದಿಗೆ ಮೊದಲೇ ಸವಿತಾ ನನ್ನ ಸೆರಗಿನಿಂದ ಬೆರಳಗಲ ಕತ್ತರಿಸಿ ಸೀಸೆಗೆ ಹಾಕಿ, ಚೀಟಿ ಬರೆದು ಅಂಟಿಸಿದಳು. ನಾನು ಓದಲಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ‘ಕೆಂಪು ನೂಲು. ನಿಂಗಮ್ಮ, ದೊಡ್ಡಆಲಹಳ್ಳಿ.’ ಅವಳ ಸಾಮಾನಿನ ಪೆಟ್ಟಿಗೆಯಲ್ಲಿ ಸಮುದ್ರದ ಚೂರುಗಳನ್ನು ತುಂಬಿಟ್ಟಿದ್ದ ಉಳಿದ ಸೀಸೆಗಳ ಮೇಲೆಲ್ಲ ಬರೀ ನಂಬರು. ಯಾರ ಬಲೆ, ಯಾರ ಚೀಲ, ಯಾರ ಸೀರೆ, ಒಂದಕ್ಕೂ ಹೆಸರಿಲ್ಲ. ಇಷ್ಟು ದೊಡ್ಡ ಸಮುದ್ರವನ್ನು ಊರೂರಿನವರು ಸೇರಿ ಕೆಡಿಸಿದರೂ ಹೆಸರು, ಊರಿನ ಸಮೇತ ಸಿಕ್ಕಿಬಿದ್ದವಳು ನಾನೊಬ್ಬಳೇ.

“ಪುಟ್ಟಮ್ಮನೂ ಅದೇ ಗಾಡಿನಾಗೇ ಸೀರೆ ತಕ್ಕಂಡಿರೋದು. ಅವಳ ಹೆಸ್ರೂ ಬರಿ,” ಅಂದೆ.

“ಪುಟ್ಟಜ್ಜಿ ಏನೂ ಒರೆಸ್ಲಿಲ್ವಲ್ಲಜ್ಜಿ,” ಅಂದಳು ಸವಿತಾ.

ಅದೂ ನಿಜವೇ. ಪುಟ್ಟಮ್ಮ ಹುಟ್ಟಿದಾರಭ್ಯ ಯಾರಿಗೂ ಒಂದು ಲೋಟ ಒರೆಸಿ ಕೊಟ್ಟವಳಲ್ಲ.